ಮಂಗನ ಕಾಯಿಲೆಯ ಲಸಿಕೆ ಸೋತದ್ದೆಲ್ಲಿ

ಡಿಸೆಂಬರ್ ಕಳೆದು ಮಲೆನಾಡಿನ ಕಾಡು ಒಣಗತೊಡಗಿತೆಂದರೆ ಸೊಪ್ಪಿನ ಬೆಟ್ಟಕ್ಕೆ ದರಕು (ಒಣ ಎಲೆ) ಗುಡಿಸಲು ಹೋದವರ ಕಾಲಿಗೆ ಉಣುಗು, ಅಂದರೆ ರಕ್ತ ಹೀರುವ ಪುಟ್ಟ ಹುಳ, ಹತ್ತುತ್ತದೆ. ಎಳ್ಳಿನಷ್ಟಿರುವ ಮರಿ ಉಣುಗು. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮೂರರಿಂದ ಎಂಟು ದಿನ ಕಳೆದ ಮೇಲೆ ಇದ್ದಕ್ಕಿದ್ದ ಹಾಗೆ ಚಳಿಜ್ವರ, ಹಣೆ ಸಿಡಿಯುವಂಥ ತಲೆನೋವು, ಸೊಂಟದಲ್ಲಿ, ಮೀನಖಂಡದಲ್ಲಿ ತಡೆಯಲಾರದ ನೋವು. ಕೆಲವರಿಗೆ ವಸಡಿನಿಂದ, ಮೂಗಿನಿಂದ ರಕ್ತ. ಇಳಿದ ಜ್ವರ ಒಂದೆರಡು ವಾರ ಬಿಟ್ಟು ಮರಳಿ ಬಂದು ಮಿದುಳಿಗೆ ತಟ್ಟುವುದೂ ಉಂಟು. ಇದೇ ಮಂಗನ ಕಾಯಿಲೆ, ನೂರು ಜನರಿಗೆ ಬಂದರೆ ಮೂವರಿಂದ ಐವರನ್ನು ಕೊಂಡೊಯ್ಯುವ ರೋಗ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಡ್ರಿಪ್ಪು, ಆರೈಕೆ, ರಕ್ತಸ್ರಾವದ ಮೇಲೊಂದು ಕಣ್ಣು, ಇಷ್ಟೇ.

ಇದಕ್ಕೆ ಒಂದು ಲಸಿಕೆ ಇತ್ತು. ದಶಕಗಳ ಕಾಲ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನ ಊರುಗಳಲ್ಲಿ ಅದನ್ನು ಹಾಕಿದರು. 2022ರಲ್ಲಿ ಅದು ನಿಂತುಹೋಯಿತು. ಸಾಮರ್ಥ್ಯ ಕುಸಿದಿದೆ ಎಂಬ ಆತಂಕ ಅದಕ್ಕೂ ವರ್ಷಗಳ ಮೊದಲೇ ಇತ್ತು. ಲಸಿಕೆ ಹೇಗೆ ಕೆಲಸ ಮಾಡುತ್ತದೆ, ಒಂದನ್ನು ಇನ್ನೊಂದರ ಜೊತೆ ಹೋಲಿಸುವುದು ಹೇಗೆ, ಅದಕ್ಕೆ ಒಪ್ಪಿಗೆ ಕೊಡುವವರು ಏನನ್ನು ನೋಡುತ್ತಾರೆ ಎಂದು ಅರ್ಥ ಮಾಡಿಕೊಳ್ಳಲು ಕೋವಿಡ್ ಲಸಿಕೆಗಳಿಗಿಂತ ಈ ಸೋತ ಲಸಿಕೆಯೇ ಒಳ್ಳೆಯ ದಾರಿ ಎಂದು ನನಗೆ ಅನ್ನಿಸುತ್ತದೆ. ಗೆದ್ದ ಲಸಿಕೆಯಲ್ಲಿ ಒಳಗಿನ ಕೀಲುಗಳು ಕಾಣುವುದಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಕೋತಿಗಳೂ ಸತ್ತು ಬೀಳತೊಡಗಿದವು, ಹಿಂದೆಯೇ ಮನುಷ್ಯರೂ ಮಲಗಿದರು. ಮಂಗಗಳು ಸಾಯುತ್ತಿವೆ ಎಂದ ಕೂಡಲೇ ಮೊದಲು ಬಂದ ಸಂಶಯ ಹಳದಿ ಜ್ವರದ್ದು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಸಿಕ್ಕಿದ್ದು ಬೇರೆಯದೇ ವೈರಸ್. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ. ನೆಂಟನಾದರೆ ಅದರ ಲಸಿಕೆ ಇದಕ್ಕೂ ಆದೀತು ಎಂಬ ಆಸೆಯಿಂದ ಇಲಿಯ ಮಿದುಳಿನಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ಕೊಂದ ಆ ಲಸಿಕೆಯನ್ನು ಶಿವಮೊಗ್ಗದಲ್ಲಿ ಹಾಕಿ ನೋಡಿದರು. ರಕ್ಷಣೆ ಸಿಗಲಿಲ್ಲ. ಆಮೇಲೆ ಇದೇ ವೈರಸ್ಸನ್ನು ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ನಮ್ಮದೇ ಲಸಿಕೆ ಮಾಡಲಾಯಿತು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಸರ್ಕಾರಿ ಪಶು ಜೈವಿಕ ಸಂಸ್ಥೆಯಲ್ಲಿ ಅದು ತಯಾರಾಗುತ್ತಿತ್ತು.

ಕೊಂದ ವೈರಸ್ ದೇಹದೊಳಗೆ ಹೋದಾಗ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸೂಜಿ ಚುಚ್ಚಿದ ಜಾಗದಲ್ಲಿ ಕಾವಲಿರುವ ಡೆಂಡ್ರೈಟಿಕ್ ಕೋಶಗಳು ಆ ವೈರಸ್ ಚೂರುಗಳನ್ನು ನುಂಗಿ, ತುಂಡು ಮಾಡಿ, ಮೈಮೇಲೆ ಹೊತ್ತುಕೊಂಡು ಹತ್ತಿರದ ದುಗ್ಧಗ್ರಂಥಿಗೆ ನಡೆಯುತ್ತವೆ. ಅಲ್ಲಿ ಸರಿಯಾಗಿ ಹೊಂದುವ ಟಿ ಕೋಶಗಳು ಎಚ್ಚರಾಗುತ್ತವೆ, ಅವು ಪ್ರತಿಕಾಯ (ವೈರಸ್ಸಿಗೆ ಅಂಟಿ ತಡೆಯುವ ಪ್ರೋಟೀನು) ತಯಾರಿಸುವ ಬಿ ಕೋಶಗಳಿಗೆ ಒಪ್ಪಿಗೆ ಕೊಡುತ್ತವೆ. ಮುಂದಿನ ಕೆಲವು ವಾರ ಆ ಗ್ರಂಥಿಯೊಳಗೆ ಒಂದು ಆಯ್ಕೆ ನಡೆಯುತ್ತದೆ: ಬಿ ಕೋಶಗಳು ತಮ್ಮ ಪ್ರತಿಕಾಯದ ಆಕಾರವನ್ನು ಚೂರು ಚೂರೇ ಬದಲಿಸಿಕೊಳ್ಳುತ್ತವೆ, ವೈರಸ್ಸಿಗೆ ಬಿಗಿಯಾಗಿ ಅಂಟುವುದು ಉಳಿಯುತ್ತದೆ, ಸಡಿಲವಾದದ್ದು ಸಾಯುತ್ತದೆ. ಗೆದ್ದವುಗಳಲ್ಲಿ ಕೆಲವು ಎಲುಬಿನ ಮಜ್ಜೆಗೆ ಹೋಗಿ ನೆಲೆಸಿ ವರ್ಷಗಟ್ಟಲೆ ಪ್ರತಿಕಾಯ ಸುರಿಸುತ್ತಿರುತ್ತವೆ. ಉಳಿದವು ನೆನಪಿನ ಕೋಶಗಳಾಗಿ ಸುಮ್ಮನೆ ಕಾಯುತ್ತವೆ. ಮೊದಲ ಮತ್ತು ಎರಡನೇ ಡೋಸ್ ನಡುವೆ ನಾಲ್ಕು ವಾರ ಬಿಡುವುದು ಈ ಆಯ್ಕೆ ನಡೆಯಲಿ ಎಂದು. ಅವಸರಪಟ್ಟು ಹತ್ತನೇ ದಿನಕ್ಕೇ ಎರಡನೆಯದು ಹಾಕಿದರೆ ಇನ್ನೂ ಪಳಗದ ಕೋಶಗಳಿಗೆ ಅದು ತಲುಪುತ್ತದೆ.

ದಡಾರದ ಲಸಿಕೆಯಲ್ಲಿರುವುದು ಬಲಗುಂದಿಸಿದ, ಆದರೆ ಜೀವಂತ ವೈರಸ್. ಅದು ಒಳಗೆ ಹೋಗಿ ತಾನೇ ಮರಿ ಹಾಕಿಕೊಂಡು ಪ್ರಮಾಣ ಹೆಚ್ಚಿಸಿಕೊಳ್ಳುತ್ತದೆ. ಕೊಂದ ವೈರಸ್ಸಿಗೆ ಆ ಶಕ್ತಿಯಿಲ್ಲ. ಬಾಟಲಿಯಲ್ಲಿ ಎಷ್ಟು ಹಾಕಿದ್ದೇವೋ ದೇಹ ಕಾಣುವುದು ಅಷ್ಟನ್ನೇ, ಅದರಲ್ಲೂ ಆಕಾರ ಕೆಡದೆ ಉಳಿದದ್ದನ್ನು ಮಾತ್ರ. ಅದಕ್ಕೇ ಇಂಥ ಲಸಿಕೆಗಳಲ್ಲಿ ಪ್ರಮಾಣದ ಲೆಕ್ಕ ಪ್ರಾಣದ ಲೆಕ್ಕ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್‌ನಂಥ ಅಡ್ಜುವೆಂಟ್ (ಲಸಿಕೆಯ ಬಲ ಹೆಚ್ಚಿಸುವ ಬೆರಕೆ) ಬೆರೆಸುವುದೂ ಈ ಕಾರಣಕ್ಕೆ. ವೈರಸ್ ಚೂರುಗಳು ಅದಕ್ಕೆ ಅಂಟಿಕೊಂಡು ನಿಧಾನವಾಗಿ ಬಿಡುಗಡೆಯಾಗುತ್ತವೆ, ಕಾವಲು ಕೋಶಗಳಿಗೂ ಅದು ಕಿರಿಕಿರಿ ಮಾಡಿ ಎಚ್ಚರಿಸುತ್ತದೆ.

ಮಂಗನ ಕಾಯಿಲೆಗೆ ಇನ್ನೊಂದು ತೊಡಕಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ನೆನಪಿನ ಕೋಶಗಳು ಎಚ್ಚರಾಗಿ ಸಾಕಷ್ಟು ಪ್ರತಿಕಾಯ ತಯಾರಿಸಲು ನಾಲ್ಕೈದು ದಿನ ಬೇಕು. ಹೆಪಟೈಟಿಸ್ ಬಿ ವೈರಸ್ ರೋಗ ತೋರಿಸಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ, ಹಾಗಾಗಿ ರಕ್ತದಲ್ಲಿನ ಪ್ರತಿಕಾಯ ಇಳಿದುಹೋಗಿದ್ದರೂ ನೆನಪೊಂದೇ ಸಾಕು. ಮಂಗನ ಕಾಯಿಲೆಯಲ್ಲಿ ಕಚ್ಚಿದ ಮೂರನೇ ದಿನಕ್ಕೇ ಜ್ವರ ಬರಬಹುದು. ನೆನಪು ಏಳುವ ಹೊತ್ತಿಗೆ ವೈರಸ್ ಮನೆಯೊಳಗೆ ಬಂದಾಗಿರುತ್ತದೆ. ಇಲ್ಲಿ ಉಣುಗು ಕಚ್ಚುವ ದಿನ ರಕ್ತದಲ್ಲಿ ಪ್ರತಿಕಾಯ ಸಿದ್ಧವಾಗಿಯೇ ಇರಬೇಕು. ಹಳೆಯ ಲಸಿಕೆಗೆ ಅಷ್ಟೊಂದು ಬೂಸ್ಟರ್ ಬೇಕಾದದ್ದು ಹೀಗೆ: ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಒಂದು ಬೂಸ್ಟರ್, ಮುಂದೆ ಐದು ವರ್ಷ ವರ್ಷಕ್ಕೊಂದು.

ಇನ್ನು ಫಾರ್ಮಲಿನ್ ವಿಷಯ. ಅದರಲ್ಲಿರುವ ಫಾರ್ಮಾಲ್ಡಿಹೈಡ್ ವೈರಸ್ಸಿನ ಪ್ರೋಟೀನುಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ, ಒಳಗಿನ ಆನುವಂಶಿಕ ದಾರವನ್ನೂ ಕಟ್ಟಿಹಾಕುತ್ತದೆ. ಕಡಿಮೆ ಹೊಲಿದರೆ ಜೀವಂತ ವೈರಸ್ ಉಳಿಯುತ್ತದೆ. ಜಾಸ್ತಿ ಹೊಲಿದರೆ ವೈರಸ್ಸಿನ ಮುಖವೇ ಗುರುತು ಸಿಗದಂತಾಗುತ್ತದೆ. ಎರಡೂ ತಪ್ಪು ಅಮೆರಿಕದಲ್ಲಿ ನಡೆದಿವೆ, ಎರಡರಲ್ಲೂ ಮಕ್ಕಳು ಸತ್ತಿದ್ದಾರೆ.

ಮೊದಲನೆಯದು 1955ರ ಪೋಲಿಯೊ ಲಸಿಕೆ. ಅದನ್ನು ಕಂಡುಹಿಡಿದ ಜೋನಾಸ್ ಸಾಲ್ಕ್ ವಿಧಾನದಲ್ಲಿ ನಾಲ್ಕು ಸಾವಿರ ಭಾಗ ವೈರಸ್ ದ್ರವಕ್ಕೆ ಒಂದು ಭಾಗ ಫಾರ್ಮಲಿನ್ ಹಾಕಿ ದೇಹದ ಬಿಸಿಯಲ್ಲಿ ದಿನಗಟ್ಟಲೆ ಇಡಬೇಕು. ಇಂತಿಷ್ಟು ಗಂಟೆಗೆ ಹತ್ತರಲ್ಲಿ ಒಂಬತ್ತು ವೈರಸ್ ಸಾಯುತ್ತವೆ ಎಂದಿಟ್ಟುಕೊಳ್ಳಿ. ಮಿಲಿಲೀಟರಿಗೆ ಒಂದು ಕೋಟಿ ಇದ್ದದ್ದು ಏಳು ಸುತ್ತು ಕಳೆದ ಮೇಲೆ ಒಂದಕ್ಕೆ ಇಳಿಯುತ್ತದೆ, ಇನ್ನಷ್ಟು ಸುತ್ತು ಬಿಟ್ಟರೆ ಲಕ್ಷಾಂತರ ಡೋಸ್‌ಗಳಲ್ಲೂ ಒಂದು ಉಳಿಯದು. ಕಾಗದದ ಮೇಲೆ ಇದು ನೇರ ಗೆರೆ. ಟ್ಯಾಂಕಿನಲ್ಲಿ ಹಾಗಾಗಲಿಲ್ಲ. ಜೀವಕೋಶಗಳ ಚೂರು ಸೇರಿ ಗಂಟು ಕಟ್ಟಿದಲ್ಲಿ ಒಳಗಿದ್ದ ವೈರಸ್ಸಿಗೆ ಫಾರ್ಮಲಿನ್ ತಲುಪಲೇ ಇಲ್ಲ. ಗೆರೆ ಕೊನೆಯಲ್ಲಿ ಬಾಗಿ ಬಾಲವಾಯಿತು. ಕಟರ್ ಕಂಪನಿಯ ಲಸಿಕೆಯಿಂದ ಸುಮಾರು 200 ಮಂದಿಗೆ ಪಾರ್ಶ್ವವಾಯು ತಗುಲಿತು, 10 ಮಂದಿ ಸತ್ತರು. ಆ ಲಸಿಕೆಗೆ ಪರವಾನಗಿ ಸಿಕ್ಕಿದ್ದು ಪ್ರಯೋಗದ ವರದಿ ಬಂದ ದಿನವೇ, ಕೆಲವೇ ಗಂಟೆಗಳ ಚರ್ಚೆಯ ನಂತರ. ಅಮೆರಿಕದ ಲಸಿಕೆ ನಿಯಂತ್ರಣ ವ್ಯವಸ್ಥೆ ಗಟ್ಟಿಯಾದದ್ದು ಈ ಏಟು ತಿಂದ ಮೇಲೆ.

ಎರಡನೆಯದು 1960ರ ದಶಕದ ಆರ್‌ಎಸ್‌ವಿ ಲಸಿಕೆ, ಹಸುಗೂಸುಗಳ ಉಸಿರಾಟದ ಸೋಂಕಿಗೆ. ಅದನ್ನೂ ಫಾರ್ಮಲಿನ್‌ನಿಂದಲೇ ಕೊಂದಿದ್ದರು. ಮಕ್ಕಳಲ್ಲಿ ಪ್ರತಿಕಾಯವೇನೋ ಹುಟ್ಟಿತು, ಆದರೆ ಅವು ಕೆಟ್ಟುಹೋದ ಆಕಾರಕ್ಕೆ ಅಂಟುವ, ನಿಜವಾದ ವೈರಸ್ಸನ್ನು ತಡೆಯಲಾರದ ಪ್ರತಿಕಾಯ. ಲಸಿಕೆ ಪಡೆದು ಆಮೇಲೆ ಸೋಂಕು ತಗುಲಿದ ಮಕ್ಕಳಲ್ಲಿ ಶೇ 80ರಷ್ಟು ಆಸ್ಪತ್ರೆ ಸೇರಬೇಕಾಯಿತು, ಇಬ್ಬರು ಸತ್ತರು. 'ಪ್ರತಿಕಾಯ ಬಂದಿದೆ' ಎಂಬ ಒಂದೇ ಮಾತನ್ನು ನಂಬಿ ಯಾವ ನಿಯಂತ್ರಕರೂ ಸಹಿ ಹಾಕಬಾರದು ಎನ್ನುವುದಕ್ಕೆ ಆ ಎರಡು ಮಕ್ಕಳು ಸಾಕ್ಷಿ. ಆ ಪ್ರತಿಕಾಯ ವೈರಸ್ಸನ್ನು ಪ್ರಯೋಗಾಲಯದ ಬಟ್ಟಲಿನಲ್ಲಿ ನಿಜವಾಗಿ ತಡೆಯುತ್ತದೆಯೇ ಎಂದು ಬೇರೆಯೇ ಪರೀಕ್ಷೆ ಮಾಡಬೇಕು.

ಹಾಗಾದರೆ ಕೋಳಿ ಕೋಶ, ಫಾರ್ಮಲಿನ್ ಎಂಬ ಹಳೆಯ ದಾರಿಯೇ ತಪ್ಪೇ? ತಪ್ಪಿಲ್ಲ. ಮಂಗನ ಕಾಯಿಲೆಯ ವೈರಸ್ಸಿನ ಯುರೋಪಿಯನ್ ಸೋದರ, ಉಣುಗಿನ ಮಿದುಳು ಜ್ವರದ ವೈರಸ್, ಆಸ್ಟ್ರಿಯಾದಲ್ಲಿ ವರ್ಷಕ್ಕೆ ನೂರಾರು ಜನರನ್ನು ಹಿಡಿಯುತ್ತಿತ್ತು. ವಿಯೆನ್ನಾದಲ್ಲಿ ಕ್ರಿಶ್ಚಿಯನ್ ಕುಂಜ್ ತಂಡ ಮಾಡಿದ್ದೂ ಕೋಳಿ ಭ್ರೂಣದ ಕೋಶದಲ್ಲಿ ಬೆಳೆಸಿ ಫಾರ್ಮಾಲ್ಡಿಹೈಡ್‌ನಿಂದ ಕೊಂದ ಲಸಿಕೆಯನ್ನೇ. 1976ರಲ್ಲಿ ಬಳಕೆಗೆ ಬಂತು. ಮೊದಲ ರೂಪದಲ್ಲಿ ಜ್ವರ, ತಲೆನೋವು ಜಾಸ್ತಿ ಎಂದು ದೂರು ಬಂದಾಗ ವೈರಸ್ಸನ್ನು ಕೋಳಿಯ ಪ್ರೋಟೀನುಗಳಿಂದ ಇನ್ನೂ ಚೆನ್ನಾಗಿ ಬೇರ್ಪಡಿಸಿ ಶುದ್ಧ ಮಾಡಿದರು. ಇವತ್ತು ಅದರ ದೊಡ್ಡವರ ಡೋಸ್ ಅರ್ಧ ಮಿಲಿಲೀಟರ್, ಅದರಲ್ಲಿ 2.4 ಮೈಕ್ರೋಗ್ರಾಂ ವೈರಸ್ ಪ್ರೋಟೀನು, ಅಲ್ಯೂಮಿನಿಯಂ ಹೈಡ್ರಾಕ್ಸೈಡ್‌ಗೆ ಅಂಟಿಸಿದ್ದು. ಮೂರು ಡೋಸ್, ಮೂರು ವರ್ಷಕ್ಕೊಂದು ಬೂಸ್ಟರ್, ಆಮೇಲೆ ಐದೈದು ವರ್ಷಕ್ಕೆ. ಅರವತ್ತು ದಾಟಿದವರಿಗೆ ಮೂರು ವರ್ಷಕ್ಕೇ. ಆ ದೇಶದಲ್ಲಿ ಹತ್ತರಲ್ಲಿ ಎಂಟು ಜನ ಕನಿಷ್ಠ ಒಂದು ಡೋಸಾದರೂ ಪಡೆದವರು. ರೋಗ ಹಿಂದಿನ ಒಂದು ಸಣ್ಣ ಪಾಲಿಗೆ ಇಳಿದಿದೆ.

ಅದೇ ಕುಟುಂಬದ ವೈರಸ್, ಅದೇ ಕೋಳಿ ಕೋಶ, ಅದೇ ಫಾರ್ಮಾಲ್ಡಿಹೈಡ್. ಒಂದು ಗೆದ್ದಿತು, ಇನ್ನೊಂದು ನಿಂತಿತು. ನನ್ನ ಅಭಿಪ್ರಾಯದಲ್ಲಿ ವ್ಯತ್ಯಾಸ ಇರುವುದು ಮೂಲ ವಿಜ್ಞಾನದಲ್ಲಿ ಅಲ್ಲವೇ ಅಲ್ಲ. ಪ್ರತಿ ಬ್ಯಾಚಿನಲ್ಲೂ ಅಷ್ಟೇ ಪ್ರಮಾಣ, ಅಷ್ಟೇ ಶುದ್ಧತೆ ಇದೆ ಎಂದು ಅಳೆದು ತೋರಿಸುವ ಶಿಸ್ತು ಒಂದು ಕಡೆ ಬೆಳೆಯುತ್ತಾ ಹೋಯಿತು, ಇನ್ನೊಂದು ಕಡೆ ಹಳೆಯ ವಿಧಾನ ಹಾಗೇ ಉಳಿಯಿತು.

ಆ ಅಳತೆ ಹೇಗಿರುತ್ತದೆ ಎಂದು ನೋಡಿದರೆ ಕಷ್ಟ ಅರ್ಥವಾಗುತ್ತದೆ. ಇಂಥ ಲಸಿಕೆಗಳ ಸಾಮರ್ಥ್ಯವನ್ನು ಹಿಂದಿನಿಂದ ಅಳೆಯುತ್ತಾ ಬಂದದ್ದು ಇಲಿಗಳಲ್ಲಿ. ಒಂದು ಗುಂಪಿಗೆ ಲಸಿಕೆ ಹಾಕುತ್ತಾರೆ, ಇನ್ನೊಂದಕ್ಕೆ ಹಾಕುವುದಿಲ್ಲ. ಕೆಲವು ವಾರ ಬಿಟ್ಟು ಎರಡೂ ಗುಂಪಿಗೆ ಜೀವಂತ ವೈರಸ್ ಚುಚ್ಚುತ್ತಾರೆ: ಮೂಲ ದ್ರಾವಣ, ಅದರ ಹತ್ತರ ಒಂದು, ನೂರರ ಒಂದು, ಸಾವಿರದ ಒಂದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತೆಳುಮಾಡಿದ್ದು. ಯಾವ ಮೆಟ್ಟಿಲಿನಲ್ಲಿ ಅರ್ಧದಷ್ಟು ಇಲಿ ಸಾಯುತ್ತವೆ ಎಂದು ಎರಡೂ ಗುಂಪಿನಲ್ಲಿ ಲೆಕ್ಕ ಹಾಕುತ್ತಾರೆ. ಲಸಿಕೆ ಇಲ್ಲದ ಇಲಿಗಳು ಕೋಟಿಪಟ್ಟು ತೆಳುಮಾಡಿದ ದ್ರಾವಣಕ್ಕೇ ಸತ್ತು, ಲಸಿಕೆ ಪಡೆದವು ಸಾವಿರಪಟ್ಟು ತೆಳುಮಾಡಿದ್ದರ ತನಕ ತಡೆದುಕೊಂಡರೆ ರಕ್ಷಣೆ ಹತ್ತು ಸಾವಿರ ಪಟ್ಟು, ಲಾಗ್ ಲೆಕ್ಕದಲ್ಲಿ, ಅಂದರೆ ಸೊನ್ನೆಗಳ ಲೆಕ್ಕದಲ್ಲಿ, 4. ಈ ಅಂಕ ಬ್ಯಾಚಿನಿಂದ ಬ್ಯಾಚಿಗೆ ಜಾರುತ್ತಾ ಹೋದರೆ ಎಲ್ಲೋ ತಪ್ಪಾಗಿದೆ ಎಂದರ್ಥ: ಬೀಜ ವೈರಸ್ ಹಲವು ಪೀಳಿಗೆ ದಾಟಿ ಬದಲಾಗಿರಬಹುದು, ಕೋಶದಲ್ಲಿ ಬೆಳೆ ಕಡಿಮೆ ಬಂದಿರಬಹುದು, ಫಾರ್ಮಲಿನ್ ಹೆಚ್ಚಾಗಿರಬಹುದು, ಸಾಗಾಟದಲ್ಲಿ ಬಿಸಿ ತಗುಲಿರಬಹುದು. ಮಂಗನ ಕಾಯಿಲೆಯ ಜೀವಂತ ವೈರಸ್ ಪ್ರಯೋಗಾಲಯದ ಸಿಬ್ಬಂದಿಗೇ ಹಿಂದೆ ಎಷ್ಟೋ ಸಲ ತಗುಲಿದೆ; ಅದನ್ನು ಬಿಗಿ ಭದ್ರತೆಯ ಕೋಣೆಯಲ್ಲೇ ಮುಟ್ಟಬೇಕು. ಪರೀಕ್ಷೆ ದುಬಾರಿ, ನಿಧಾನ. ಅದೇ ಕಾರಣಕ್ಕೆ ಅದನ್ನು ಸಡಿಲ ಬಿಡಲೂ ಆಗದು.

ಊರಿನಲ್ಲಿ ಸಿಕ್ಕ ಫಲಿತಾಂಶ ಹೀಗಿದೆ. 1990ರಿಂದ 92ರ ನಡುವೆ ನಡೆದ ಅಧ್ಯಯನದಲ್ಲಿ ಒಂದು ಡೋಸಿಗೆ ಶೇ 79.3, ಎರಡು ಡೋಸಿಗೆ ಶೇ 93.5 ರಕ್ಷಣೆ ಕಂಡಿತು. 2005ರಿಂದ 2010ರವರೆಗಿನ ಅಂಕಿಗಳನ್ನು ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದಾಗ ಒಂದು ಡೋಸಿನಿಂದ ಪ್ರಯೋಜನವೇ ಕಾಣಲಿಲ್ಲ. ಎರಡು ಡೋಸಿಗೆ ಶೇ 62.4, ಬೂಸ್ಟರ್ ಕೂಡ ಪಡೆದವರಿಗೆ ಶೇ 82.9. ಲಸಿಕೆ ದುರ್ಬಲವಾಯಿತು ಎಂದು ಇದರಿಂದಲೇ ತೀರ್ಮಾನಿಸುವುದು ಸುಲಭ, ನಾನು ಅಷ್ಟು ಬೇಗ ತೀರ್ಮಾನಿಸುವುದಿಲ್ಲ. ಲಸಿಕೆ ಹಾಕಿಸಿಕೊಳ್ಳುವವರು, ಹಾಕಿಸಿಕೊಳ್ಳದವರು ಒಂದೇ ಥರದ ಜನ ಆಗಿರುವುದಿಲ್ಲ. ದಿನಾ ಕಾಡಿಗೆ ಹೋಗುವವರು ಭಯಪಟ್ಟು ಹೆಚ್ಚು ಸಂಖ್ಯೆಯಲ್ಲಿ ಲಸಿಕೆ ಹಾಕಿಸಿಕೊಂಡರೆ, ಅವರಿಗೆ ಕಚ್ಚುವ ಉಣುಗೂ ಜಾಸ್ತಿ, ಲಸಿಕೆ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಪೇಟೆಗೆ ಹತ್ತಿರದವರೇ ಹೆಚ್ಚು ಹಾಕಿಸಿಕೊಂಡರೆ ಅದು ತಲೆಕೆಳಗಾಗುತ್ತದೆ. ಚೀಟಿ ಎತ್ತಿದ ಹಾಗೆ ಯಾರಿಗೆ ಲಸಿಕೆ, ಯಾರಿಗೆ ಬರೀ ನೀರು ಎಂದು ಹಂಚಿ, ಹಾಕಿದವರಿಗೂ ಹಾಕಿಸಿಕೊಂಡವರಿಗೂ ಗೊತ್ತಾಗದಂತೆ ಮುಚ್ಚಿಟ್ಟು ಮಾಡುವ ಪ್ರಯೋಗದ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಶೇಕಡಾ ಅಂಕದ ಒಳಗನ್ನು ಒಮ್ಮೆ ಬಿಚ್ಚಿ ನೋಡಿ. ಫೈಜರ್‌ನ ಕೋವಿಡ್ ಲಸಿಕೆಗೆ ಶೇ 95 ಎಂದರು. ಅದು ಬಂದದ್ದು 170 ರೋಗಿಗಳಿಂದ: ಲಸಿಕೆ ಇಲ್ಲದ ಗುಂಪಿನಲ್ಲಿ 162, ಲಸಿಕೆ ಗುಂಪಿನಲ್ಲಿ 8. ಕೊವ್ಯಾಕ್ಸಿನ್‌ನದ್ದು 130 ರೋಗಿಗಳು: 106 ಮತ್ತು 24, ಅಂದರೆ ಸುಮಾರು ಶೇ 78. ಈ ಎರಡನ್ನು ಪಕ್ಕಪಕ್ಕ ಇಟ್ಟು ಫೈಜರ್ ಇಷ್ಟು ಪಾಲು ಮೇಲು ಎಂದು ಹೇಳುವವರು ಒಂದು ವಿಷಯ ಮರೆಯುತ್ತಾರೆ. ಫೈಜರ್ ಅಂಕ 2020ರ ಮೂಲ ವೈರಸ್ಸಿನ ಎದುರು, ಕೊವ್ಯಾಕ್ಸಿನ್ ಅಂಕ ಡೆಲ್ಟಾ ಹಬ್ಬುತ್ತಿದ್ದ ಭಾರತದಲ್ಲಿ. ಪಿಚ್ ಬೇರೆ, ಬೌಲರ್ ಬೇರೆ, ರನ್ ಮಾತ್ರ ಹೋಲಿಸಿದಂತೆ. ರೋಗಿಗಳ ಸಂಖ್ಯೆ ಚಿಕ್ಕದಿದ್ದರಂತೂ ಇನ್ನೂ ಎಚ್ಚರ ಬೇಕು. ಸಮ ಗಾತ್ರದ ಎರಡು ಗುಂಪಿನಲ್ಲಿ 6 ಮತ್ತು 1 ಬಂದರೆ ಶೇ 83. ಲಸಿಕೆ ಗುಂಪಿನಲ್ಲಿ ಇನ್ನೊಬ್ಬರು ಮಲಗಿದರೆ ಅದು ಶೇ 67ಕ್ಕೆ ಇಳಿಯುತ್ತದೆ. ಒಬ್ಬ ರೋಗಿಗೆ ಹದಿನಾರು ಅಂಕ! ಯಾವುದೇ ಲಸಿಕೆಯ ಸುದ್ದಿ ಓದುವಾಗ ಶೇಕಡಾಗಿಂತ ಮೊದಲು ಈ ರೋಗಿಗಳ ಸಂಖ್ಯೆ ಹುಡುಕಿ.

ಶಿಶುಗಳಿಗೆ ಭೇದಿ ತರುವ ರೋಟಾವೈರಸ್ಸಿನ ಲಸಿಕೆಯಲ್ಲಿ ಇನ್ನೊಂದು ಪಾಠ ಇದೆ. ರೋಟಾರಿಕ್ಸ್ ಎಂಬ ಲಸಿಕೆ ಲ್ಯಾಟಿನ್ ಅಮೆರಿಕದಲ್ಲಿ ತೀವ್ರ ಭೇದಿಯ ಎದುರು ಸುಮಾರು ಶೇ 85 ಕೊಟ್ಟಿತ್ತು. ದಕ್ಷಿಣ ಆಫ್ರಿಕಾದಲ್ಲಿ ಅದೇ ಲಸಿಕೆ ಶೇ 77, ಮಲಾವಿಯಲ್ಲಿ ಶೇ 49. ಮಲಾವಿಯಲ್ಲಿ ಅದು ಕೆಲಸಕ್ಕೆ ಬಾರದು ಎನ್ನುವಿರಾ? ನೂರು ಮಕ್ಕಳಿಗೆ ಹಾಕಿದರೆ ದಕ್ಷಿಣ ಆಫ್ರಿಕಾದಲ್ಲಿ ತಪ್ಪಿದ ತೀವ್ರ ಪ್ರಕರಣ ನಾಲ್ಕು ಚಿಲ್ಲರೆ, ಮಲಾವಿಯಲ್ಲಿ ಆರಕ್ಕೂ ಹೆಚ್ಚು. ರೋಗ ಅಲ್ಲಿ ಅಷ್ಟು ಜಾಸ್ತಿ. ನಮ್ಮ ರೋಟಾವ್ಯಾಕ್ ದೆಹಲಿ, ಪುಣೆ, ವೆಲ್ಲೂರುಗಳ 6,799 ಶಿಶುಗಳಲ್ಲಿ ಮೊದಲ ವರ್ಷ ಸುಮಾರು ಶೇ 56 ತೋರಿಸಿತು, 2014ರಲ್ಲಿ ಪರವಾನಗಿ ಪಡೆಯಿತು. ಅದರ ಮೂಲ ತಳಿ ದೆಹಲಿಯ ಏಮ್ಸ್‌ನಲ್ಲಿ ಸಿಕ್ಕಿದ್ದು 1980ರ ದಶಕದಲ್ಲಿ. ಶೇ 56ನ್ನು ನೋಡಿ ಮೂಗು ಮುರಿಯುವವರು ಭೇದಿಗೆ ಮಗು ಕಳೆದುಕೊಳ್ಳುವ ಮನೆಗಳ ಲೆಕ್ಕ ಹಾಕಿಲ್ಲ.

ಸುರಕ್ಷತೆಯ ಗಣಿತ ಬೇರೆ. ಅಮೆರಿಕದಲ್ಲಿ 1998ರಲ್ಲಿ ಬಂದ ಮೊದಲ ರೋಟಾ ಲಸಿಕೆ ಒಂದೇ ವರ್ಷದಲ್ಲಿ ಹಿಂದಕ್ಕೆ ಹೋಯಿತು, ಏಕೆಂದರೆ ಸುಮಾರು ಹತ್ತು ಸಾವಿರಕ್ಕೊಂದು ಮಗುವಿಗೆ ಕರುಳು ಕರುಳೊಳಗೆ ಸಿಕ್ಕಿಕೊಳ್ಳುವ ತೊಂದರೆ ಆಯಿತು. ಪ್ರಯೋಗದಲ್ಲಿ ಒಂದು ಅಪಾಯ ಒಮ್ಮೆಯೂ ಕಾಣದಿದ್ದರೆ, ಅದರ ನಿಜವಾದ ಪ್ರಮಾಣ ಮೂರನ್ನು ಪ್ರಯೋಗದಲ್ಲಿದ್ದವರ ಸಂಖ್ಯೆಯಿಂದ ಭಾಗಿಸಿದಷ್ಟರ ತನಕ ಇರಬಹುದು. ಹತ್ತು ಸಾವಿರ ಮಕ್ಕಳಲ್ಲಿ ಸೊನ್ನೆ ಕಂಡರೂ ಹತ್ತು ಸಾವಿರಕ್ಕೆ ಮೂರು ಎಂಬ ಅಪಾಯ ಅಡಗಿರಬಹುದು. ಮುಂದಿನ ರೋಟಾ ಲಸಿಕೆಗಳು ತಲಾ ಅರವತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಪ್ರಯೋಗ ಮಾಡಬೇಕಾಗಿ ಬಂದದ್ದು ಅದಕ್ಕೇ. ಲಕ್ಷಕ್ಕೊಂದು, ಹತ್ತು ಲಕ್ಷಕ್ಕೊಂದು ಬರುವ ತೊಂದರೆಯನ್ನು ಯಾವ ಪ್ರಯೋಗವೂ ಹಿಡಿಯಲಾರದು. ಅದನ್ನು ಹಿಡಿಯುವುದು ಲಸಿಕೆ ಊರಿಗೆ ಬಂದ ಮೇಲೆ ಆಶಾ ಕಾರ್ಯಕರ್ತೆ, ವೈದ್ಯಾಧಿಕಾರಿ ಕಳಿಸುವ ವರದಿಯಿಂದ. ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಕೂರಿಸುವುದು ತೀವ್ರ ಅಲರ್ಜಿಗೆಂದು, ಪಕ್ಕದಲ್ಲಿ ಅಡ್ರಿನಾಲಿನ್ ಇರಲೇಬೇಕು.

ಭಾರತದಲ್ಲಿ ಒಪ್ಪಿಗೆಯ ಹಾದಿ 1940ರ ಔಷಧ ಕಾಯ್ದೆ ಮತ್ತು 2019ರ ಹೊಸ ಔಷಧ, ಕ್ಲಿನಿಕಲ್ ಟ್ರಯಲ್ ನಿಯಮಗಳ ಕೆಳಗೆ ಸಾಗುತ್ತದೆ. ಪ್ರಾಣಿಗಳಲ್ಲಿ ವಿಷತ್ವ ಪರೀಕ್ಷೆ, ನಂತರ ಔಷಧ ಮಹಾನಿಯಂತ್ರಕರಿಗೆ ಅರ್ಜಿ, ವಿಷಯ ತಜ್ಞರ ಸಮಿತಿಯ ಪ್ರಶ್ನೆಗಳು, ಪ್ರತಿ ಕೇಂದ್ರದಲ್ಲೂ ನೈತಿಕ ಸಮಿತಿಯ ಒಪ್ಪಿಗೆ, ಸಾರ್ವಜನಿಕ ನೋಂದಣಿ. ಮೊದಲ ಹಂತ ಹತ್ತಾರು ಜನ, ಎರಡನೆಯದು ನೂರಾರು, ಮೂರನೆಯದು ಸಾವಿರಾರು. ಇಷ್ಟು ಪತ್ರಿಕೆಗಳಲ್ಲೂ ಬರುತ್ತದೆ. ಬರದೇ ಇರುವುದು ಎರಡು ಸಂಗತಿ. ಒಂದು, ಒಪ್ಪಿಗೆ ಸಿಗುವುದು ಲಸಿಕೆಗೆ ಮಾತ್ರವಲ್ಲ, ಅದನ್ನು ಮಾಡುವ ಕಾರ್ಖಾನೆಗೂ, ವಿಧಾನಕ್ಕೂ. ಟ್ಯಾಂಕ್ ಬದಲಿಸಿದರೂ ಹೇಳಬೇಕು. ಸತತ ಮೂರು ಬ್ಯಾಚ್ ಒಂದೇ ಥರ ಬಂದಿವೆ ಎಂದು ತೋರಿಸಬೇಕು. ಎರಡು, ಪರವಾನಗಿ ಸಿಕ್ಕ ಮೇಲೂ ಪ್ರತಿ ಬ್ಯಾಚಿನ ಕಡತ ಮತ್ತು ಮಾದರಿ ಹಿಮಾಚಲದ ಕಸೌಲಿಯಲ್ಲಿರುವ ಕೇಂದ್ರ ಔಷಧ ಪ್ರಯೋಗಾಲಯಕ್ಕೆ ಹೋಗಿ ಬಿಡುಗಡೆ ಪಡೆಯಬೇಕು. ಮಾತ್ರೆಗೆ ಈ ಬಗೆಯ ಕಟ್ಟು ಇಲ್ಲ. ಮಾತ್ರೆ ರಸಾಯನ, ತೂಗಿದರೆ ಗೊತ್ತಾಗುತ್ತದೆ. ಲಸಿಕೆ ಬೆಳೆ, ಪ್ರತಿ ಸಲ ಹೊಸದಾಗಿ ಬೆಳೆಯಬೇಕು.

2021ರ ಜನವರಿ 3ರಂದು ಕೊವ್ಯಾಕ್ಸಿನ್‌ಗೆ ತುರ್ತು ಬಳಕೆಯ ಒಪ್ಪಿಗೆ ಬಂದಾಗ ಮೂರನೇ ಹಂತದ ಪರಿಣಾಮದ ಅಂಕ ಒಂದೂ ಇರಲಿಲ್ಲ. ಲಸಿಕೆ ಆಮೇಲೆ ಚೆನ್ನಾಗಿಯೇ ನಿಂತಿತು. ಆದರೂ ಆ ಕ್ರಮ ಸರಿಯಲ್ಲ ಎಂದೇ ನಾನು ಹೇಳುತ್ತೇನೆ. ಉತ್ತರ ಸರಿ ಬಂದ ಮಾತ್ರಕ್ಕೆ ಲೆಕ್ಕ ಮಾಡದೆ ಉತ್ತರ ಬರೆದದ್ದು ಸರಿಯಾಗುವುದಿಲ್ಲ. ಜನರ ನಂಬಿಕೆ ಆಗ ಅಲುಗಾಡಿದ್ದು ಸುಮ್ಮನೆ ಅಲ್ಲ. ಸರ್ಕಾರಿ ಕಾರ್ಖಾನೆಗಳ ವಿಷಯದಲ್ಲಿ ನಮ್ಮ ತಪ್ಪು ಬೇರೆ ಥರದ್ದು. 2008ರಲ್ಲಿ ಕಸೌಲಿ, ಕೂನೂರು, ಚೆನ್ನೈನ ಗಿಂಡಿಯ ಮೂರು ಸರ್ಕಾರಿ ಲಸಿಕೆ ಘಟಕಗಳ ಪರವಾನಗಿಯನ್ನು ಉತ್ಪಾದನಾ ಗುಣಮಟ್ಟ ಸಾಲದೆಂದು ಅಮಾನತು ಮಾಡಿದರು, 2010ರಲ್ಲಿ ಮತ್ತೆ ತೆರೆದರು. ನಿಯಮ ಸರಿಯೇ. ಆದರೆ ವರ್ಷಗಟ್ಟಲೆ ಹೊಸ ಯಂತ್ರಕ್ಕೆ, ಸ್ವಚ್ಛ ಕೋಣೆಗೆ ಹಣ ಕೊಡದೆ ಇದ್ದು, ಒಂದು ದಿನ ಬಂದು ಬಾಗಿಲು ಹಾಕಿದರೆ ಕಷ್ಟ ಬೀಳುವುದು ಬಡವರ ಮಕ್ಕಳ ಮೇಲೆ. ಮಂಗನ ಕಾಯಿಲೆಯ ಲಸಿಕೆಯಲ್ಲಿ ನನಗೆ ನೋವಾಗುವುದೂ ಇದೇ. ಪೇಟೆಯಲ್ಲಿ ಕೊಳ್ಳುವವರಿಲ್ಲದ, ಕೂಲಿಯವರಿಗೆ, ಅಡಿಕೆ ತೋಟದವರಿಗೆ, ಕಾಡಿನವರಿಗೆ ಮಾತ್ರ ಬೇಕಾದ ಲಸಿಕೆಯನ್ನು ಸುಧಾರಿಸಲು ಯಾವ ಕಂಪನಿಗೂ ಅವಸರ ಇರಲಿಲ್ಲ.

ಈಗ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ), ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆ ಸೇರಿ ಅಡ್ಜುವೆಂಟ್ ಬೆರೆತ, ಎರಡು ಡೋಸಿನ ಹೊಸ ನಿಷ್ಕ್ರಿಯ ಲಸಿಕೆ ಮಾಡಿದೆ; ಪ್ರಾಣಿ ಪರೀಕ್ಷೆ ದಾಟಿ ಮಾನವ ಪ್ರಯೋಗದ ಮೊದಲ ಹಂತಕ್ಕೆ ಬಂದಿದೆ. ಮುಂದಿನ ದೊಡ್ಡ ತೊಡಕು ಮೂರನೇ ಹಂತ. ಒಂದು ಹಂಗಾಮಿನಲ್ಲಿ ಸಾವಿರಕ್ಕೆ ಇಬ್ಬರಿಗೆ ರೋಗ ಬರುತ್ತದೆಂದು ಇಟ್ಟುಕೊಳ್ಳಿ. ಲಸಿಕೆ ಇಲ್ಲದ ಗುಂಪಿನಲ್ಲಿ 50 ರೋಗಿಗಳು ಸಿಗಬೇಕಾದರೆ 25,000 ಜನ ಬೇಕು, ಲಸಿಕೆ ಗುಂಪಿಗೆ ಇನ್ನೊಂದು 25,000. ಆದರೆ ರೋಗ ಒಂದೇ ಕಡೆ ನಿಲ್ಲುವುದಿಲ್ಲ. 2019ರಲ್ಲಿ ಸಾಗರದ ಅರಳಗೋಡು, ಅದಕ್ಕೂ ಮೊದಲು ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗ. ಯಾವ ಊರಿನಲ್ಲಿ ಪ್ರಯೋಗ ಹೂಡಿದರೂ ಆ ವರ್ಷ ರೋಗ ಪಕ್ಕದ ತಾಲ್ಲೂಕಿಗೆ ಹೋಗಿರಬಹುದು.

ಇಂಥಲ್ಲಿ ನಿಯಂತ್ರಕರಿಗೆ ಇನ್ನೊಂದು ದಾರಿ ಇದೆ, ಅದಕ್ಕೂ ನಮ್ಮ ನಾಡಿನದೇ ಉದಾಹರಣೆ ಸಿಗುತ್ತದೆ. ಕೋಲಾರದ ರೋಗಿಯೊಬ್ಬರಿಂದ ಬೇರ್ಪಡಿಸಿದ ಜಪಾನೀಸ್ ಎನ್ಸೆಫಲೈಟಿಸ್ (ಒಂದು ಬಗೆಯ ಮಿದುಳು ಜ್ವರ) ವೈರಸ್ ತಳಿಯಿಂದ ಮಾಡಿದ ಜೆನ್‌ವ್ಯಾಕ್ ಲಸಿಕೆ 2013ರಲ್ಲಿ ಬಂತು. ಅದಕ್ಕೆ ಹತ್ತಾರು ಸಾವಿರ ಜನರ ರೋಗ ಎಣಿಸುವ ಪ್ರಯೋಗ ಬೇಕಾಗಲಿಲ್ಲ. ಆ ರೋಗದಲ್ಲಿ ರಕ್ತವನ್ನು ಹತ್ತುಪಟ್ಟು ತೆಳುಮಾಡಿದರೂ ಅದರ ಪ್ರತಿಕಾಯ ವೈರಸ್ಸನ್ನು ತಡೆದರೆ ರಕ್ಷಣೆ ಇದೆ ಎಂಬ ಒಪ್ಪಿತ ಗೆರೆ ಇದೆ. ಬಳಕೆಯಲ್ಲಿರುವ ಲಸಿಕೆಗಿಂತ ಕಡಿಮೆಯಿಲ್ಲದಂತೆ ಆ ಗೆರೆ ದಾಟಿಸಿದರೆ ಸಾಕು. ಮಂಗನ ಕಾಯಿಲೆಗೆ ಅಂಥ ಗೆರೆಯನ್ನು ಮೊದಲು ಎಳೆಯಬೇಕು: ಲಸಿಕೆ ಪಡೆದ ಕೋತಿಗಳಿಗೆ ವೈರಸ್ ಕೊಟ್ಟು ಎಷ್ಟು ಪ್ರತಿಕಾಯ ಇದ್ದವು ಉಳಿದವು ಎಂದು ನೋಡಬೇಕು, ರೋಗ ಬಂದು ಗುಣವಾದ ಮಲೆನಾಡಿಗರ ರಕ್ತದ ಜೊತೆ ಅದನ್ನು ತಾಳೆ ಹಾಕಬೇಕು. ಪ್ರತಿಕಾಯ ಆ ಗೆರೆ ಮೇಲೆ ಎಷ್ಟು ತಿಂಗಳು ನಿಲ್ಲುತ್ತದೆ ಎನ್ನುವುದೇ ನಾನು ಕಾಯುತ್ತಿರುವ ಅಂಕ. ಎರಡನೇ ಡೋಸ್ ಆದ ನಾಲ್ಕನೇ ವಾರದ ಪ್ರತಿಕಾಯ ಎಲ್ಲ ಲಸಿಕೆಯಲ್ಲೂ ಚಂದವಾಗಿಯೇ ಇರುತ್ತದೆ. ದರಕಿನ ಕಾಲ ಮುಗಿಯುವ ಮೇ ತಿಂಗಳಿಗೆ, ಅದರ ಮುಂದಿನ ವರ್ಷದ ಮೇ ತಿಂಗಳಿಗೆ ಎಷ್ಟಿದೆ ಎಂದು ಹೇಳಬೇಕು. ಹಳೆಯ ಲಸಿಕೆ ಆರು ವರ್ಷದ ಕೆಳಗಿನವರಿಗೂ, 65 ದಾಟಿದವರಿಗೂ ಇರಲಿಲ್ಲ. ಅವರ ಅಂಕವೂ ಬೇರೆಯಾಗಿಯೇ ಬರಬೇಕು.

ಲಸಿಕೆ ಬಂದ ಮೇಲೂ ಕೆಲಸ ಬಾಕಿ ಇರುತ್ತದೆ. ಅಲ್ಯೂಮಿನಿಯಂ ಬೆರೆತ ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಲೇ ಕೂಡದು. ಐಸ್ ಪ್ಯಾಕಿಗೆ ತಾಗಿ ಗಟ್ಟಿಯಾಗಿ ಕರಗಿದರೆ ಬಣ್ಣ ಬದಲಾಗುವುದಿಲ್ಲ, ಬಾಟಲಿ ನೋಡಿದರೆ ಏನೂ ಗೊತ್ತಾಗದು, ಒಳಗಿನ ಕಣಗಳು ಮಾತ್ರ ಗಂಟು ಕಟ್ಟಿರುತ್ತವೆ. ಸಂಶಯ ಬಂದರೆ ಅದೇ ಬ್ಯಾಚಿನ ಇನ್ನೊಂದು ಬಾಟಲಿಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ, ಕರಗಿಸಿ, ಎರಡನ್ನೂ ಜೊತೆಗೆ ಕುಲುಕಿ ಮೇಜಿನ ಮೇಲೆ ಇಡಬೇಕು. ಹೆಪ್ಪುಗಟ್ಟಿದ್ದರಲ್ಲಿ ಗಸಿ ಬೇಗ ತಳಕ್ಕಿಳಿಯುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಸಂಶಯದ ಬಾಟಲಿಯೂ ಅದೇ ವೇಗದಲ್ಲಿ ಇಳಿದರೆ ಎಸೆಯಬೇಕು. ಆಮೇಲೆ ಕ್ಯಾಲೆಂಡರ್. ಉಣುಗಿನ ಕಾಲ ಡಿಸೆಂಬರಿಗೆ ಶುರು. ಪ್ರತಿಕಾಯ ಏರಲು ಎರಡನೇ ಡೋಸ್ ನಂತರ ಎರಡು ವಾರ, ಎರಡು ಡೋಸಿನ ನಡುವೆ ನಾಲ್ಕು ವಾರ. ಹಿಂದಕ್ಕೆ ಎಣಿಸಿದರೆ ಮೊದಲ ಡೋಸ್ ಅಕ್ಟೋಬರ್ ಮಧ್ಯದ ಒಳಗೆ ಮುಗಿಯಬೇಕು, ಜೋರು ಮಳೆಗೆ ದಾರಿ ಕಡಿದ ಊರುಗಳನ್ನು ಲೆಕ್ಕಕ್ಕೆ ಹಿಡಿದರೆ ಆಗಸ್ಟ್‌ನಲ್ಲೇ ಬಾಟಲಿಗಳು ತಾಲ್ಲೂಕು ಕೇಂದ್ರದ ಫ್ರಿಜ್ಜಿನಲ್ಲಿರಬೇಕು. ಸತ್ತ ಮಂಗ ಸಿಕ್ಕಿತೆಂದು ಜನವರಿಯಲ್ಲಿ ಸೂಜಿ ಹಿಡಿದು ಓಡಿದರೆ ಆ ಹಂಗಾಮಿಗೆ ಅದು ಹೆಚ್ಚು ಉಪಯೋಗಕ್ಕೆ ಬಾರದು. ಆಗ ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚುವ ಡೆಪಾ ಎಣ್ಣೆ, ತುಂಬುತೋಳಿನ ಅಂಗಿ, ಮನೆಗೆ ಬಂದ ಕೂಡಲೇ ಬಿಸಿನೀರ ಸ್ನಾನ, ಇವೇ ಗತಿ.